ಐದು ನಿಮಿಷಕ್ಕೊಂದು ಫೋಟೋ

ಹೊತ್ತು ಮುಳುಗಿದ ಮೇಲೆ ಕೂಸಿನ ಬಟ್ಟೆಯನ್ನು ಹೊರಗೆ ಬಿಡಬಾರದು. ಗೂಬೆ ಹಾರಿ ಅದರ ನೆರಳು ಬಟ್ಟೆಯ ಮೇಲೆ ಬಿದ್ದರೆ, ಆ ಬಟ್ಟೆ ತೊಟ್ಟ ಕೂಸು ಉಳಿಯುವುದಿಲ್ಲ. ಇದು ದೇವದುರ್ಗದ ಕಡೆಯ ಮಾತು; ಹೈದರಾಬಾದಿಗೆ ಬಂದರೆ ಇಲ್ಲಿನ ತೆಲುಗರೂ ಅದನ್ನೇ ಹೇಳುತ್ತಾರೆ. ಹೊತ್ತು ಮುಳುಗಿದ ಮೇಲೆ ನೆರಳು ಎಲ್ಲಿಂದ ಬರಬೇಕು ಎಂದು ಕೇಳುವ ಪುಣ್ಯಾತ್ಮ ಮಾತ್ರ ಎರಡೂ ಕಡೆ ಇನ್ನೂ ಹುಟ್ಟಿಲ್ಲ.

ಗಂಗಾಳ ಮಗಳು ಭಾಗ್ಯಶ್ರೀ ತೀರಿಕೊಂಡು ನಲವತ್ತು ದಿನವಾಗಿತ್ತು. ಐದು ತಿಂಗಳ ಕೂಸು. ಸಂಕ್ರಾಂತಿ ಕಳೆದ ಮೇಲಿನ ಸೋಮವಾರ ಗಂಗಾ ಹಗ್ಗದ ಮೇಲಿನ ಬಟ್ಟೆ ತೆಗೆಯುವುದನ್ನು ಮರೆತಿದ್ದಳು. ಪಕ್ಕದ ಕಾರ್ಖಾನೆಯ ಆರೂವರೆ ಸೈರನ್ ಕೂಗಿದಾಗ ನೆನಪಾಗಿ, ಕೆಲಸ ಬಿಟ್ಟು ಓಡಿ ಬಂದು ಎಳೆದುಕೊಂಡಳು. ರಾತ್ರಿ ಕೂಸಿಗೆ ಜ್ವರ ಬಂತು. ಗುರುವಾರ ನಸುಕಿನಲ್ಲಿ ಉಸಿರು ನಿಂತಿತು.

“ಹಗ್ಗದ ಮ್ಯಾಲೆ ಬಟ್ಟಿ ಬಿಟ್ಟಿದ್ದಿ. ನೀ ಓಡಿ ಬರೂದ್ರಾಗ ಗೂಬಿ ಹಾರಿ ಹೋಗೈತಿ,” ಎಂದಳು ಅತ್ತೆ ಅನ್ನಮ್ಮ. “ಕೈಯಾರ ಕೊಟ್ಟಿ.”

ಕಂಡವರ ಮೇಲೆ ಗೂಬೆ ಕೂರಿಸುವುದು ಅಂತಾರಲ್ಲ, ಇಲ್ಲಿ ಗೂಬೆಯೂ ಸುಳ್ಳಲ್ಲ, ಎದುರಿಗೇ ಕೂತಿತ್ತು. ಸನತ್‌ನಗರದಲ್ಲಿ ಬಾಗಿಲು ಹಾಕಿದ ಒಂದು ಹಳೆ ಕಾರ್ಖಾನೆಯ ಜಾಗದಲ್ಲಿ ಐದಂತಸ್ತಿನ ಕಟ್ಟಡ ಏಳುತ್ತಿತ್ತು. ಗಂಗಾಳ ಗಂಡ ಹುಲಗೇಶ ಅಲ್ಲಿ ಸೆಂಟ್ರಿಂಗ್ ಕೆಲಸಕ್ಕಿದ್ದ. ಗಂಗಾ ಹೊಸ ಗೋಡೆಗಳಿಗೆ ನೀರು ಹೊಡೆಯುತ್ತಿದ್ದಳು. ಕೆಲಸದವರ ತಗಡಿನ ಮನೆಗಳ ಸಾಲಿನ ಎದುರಿಗೇ ಕಾರ್ಖಾನೆಯ ಹಳೆಯ ಶೆಡ್ಡು ಇನ್ನೂ ನಿಂತಿತ್ತು. ಅದರ ಸೂರಿನ ಕೆಳಗೆ, ಗೋಡೆಯ ಸಂದಿನಲ್ಲಿ ಗೂಬೆಯ ಸಂಸಾರ.

ಗಂಗಾ ಅಳಲಿಲ್ಲ. ಸಿಮೆಂಟಿನ ನೀರಿನಲ್ಲಿ ದಿನವಿಡೀ ಇದ್ದ ಬೆರಳು ಸಂಜೆಗೆ ಜೋಮು ಹಿಡಿಯುತ್ತದಲ್ಲ, ಅವಳಿಗೆ ಮೈಯೆಲ್ಲ ಹಾಗಾಗಿತ್ತು. ರೊಟ್ಟಿ ತಿಂದರೆ ರೊಟ್ಟಿಯ ರುಚಿಯಿಲ್ಲ, ಚಟ್ನಿಯ ಖಾರವೂ ಹತ್ತುತ್ತಿರಲಿಲ್ಲ. ಎದೆಯ ಹಾಲು ತಾನಾಗಿ ಬತ್ತಿತು, ಅದೂ ಅವಳಿಗೆ ಬೇರೆ ಯಾರದೋ ಸುದ್ದಿಯ ಹಾಗಿತ್ತು. ಅಳದ ತಾಯಿಯನ್ನು ಎಲ್ಲಾದರೂ ಕಂಡೀರಾ ಎಂದು ಸಾಲಿನ ಹೆಂಗಸರು ಆಡಿಕೊಂಡರು. ಆಡುವವರ ಬಾಯಿಗೇನು, ಅಗಳಿಯೇ ಚಿಲಕವೇ! ಹುಲಗೇಶ ಮಾತ್ರ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ, ಗಂಗಾಳ ಮುಖ ನೋಡುವುದನ್ನೇ ಬಿಟ್ಟಿದ್ದ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

ಆ ಶೆಡ್ಡಿಗೆ ಸಂಜೆಯಾದರೆ ಮಾನಸಾ ಎಂಬ ಹುಡುಗಿ ಬರುತ್ತಿದ್ದಳು. ಮಂಡ್ಯದ ಕಡೆಯವರ ಮಗಳು. ಅವಳಪ್ಪ ಇಲ್ಲಿ ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿದ್ದ. ಗೂಬೆಯ ಫೋಟೋ ತೆಗೆಯುವುದು ಅವಳ ಹುಚ್ಚು. ಮರಿಗಳು ಹಾರಿಹೋಗುವ ತನಕ ಶೆಡ್ಡು ಕೆಡವಬೇಡಿ ಎಂದು ಮಾಲೀಕನ ಕೈಕಾಲು ಹಿಡಿದು ಒಪ್ಪಿಸಿದ್ದಳು. ಕಟ್ಟಡಕ್ಕೆ ಕಟ್ಟುವ ಹಸಿರು ಬಲೆಯನ್ನೇ ಪರದೆ ಮಾಡಿಕೊಂಡು, ಅದರ ತೂತಿನಿಂದ ಉದ್ದನೆಯ ಕ್ಯಾಮೆರಾ ಚಾಚಿ, ಕಲ್ಲಿನ ಹಾಗೆ ಕೂತಿರುತ್ತಿದ್ದಳು.

ಒಂದು ದಿನ ಗಂಗಾ ಹೋಗಿ ಅವಳ ಹಿಂದೆ ನಿಂತಳು. ತನ್ನ ಮನೆ ಮುರಿದವರ ಮೋರೆ ಒಮ್ಮೆ ನೋಡಬೇಕು ಅನ್ನಿಸಿತ್ತು, ಅಷ್ಟೆ.

“ಬನ್ನಿ ಗಂಗಮ್ಮ, ಇಲ್ಲಿ ನೋಡಿ. ಜೋರಾಗಿ ಮಾತಾಡ್ಬೇಡಿ,” ಎಂದಳು ಮಾನಸಾ. ಗಂಗಾಳಿಗೆ ಹೇಳಬೇಕಾದ ಮಾತೇ ಅಲ್ಲ ಅದು!

ಕ್ಯಾಮೆರಾದ ಹಿಂದಿನ ಗಾಜಿನಲ್ಲಿ ನಾಲ್ಕು ಮರಿಗಳು ಕಂಡವು. ಒಂದಕ್ಕಿಂತ ಒಂದು ಚಿಕ್ಕವು, ಮೆಟ್ಟಿಲಿಟ್ಟ ಹಾಗೆ. ಮೈಗೆಲ್ಲ ಆಗತಾನೆ ಒಡೆದ ಹತ್ತಿ. ಮುಖ ಮಾತ್ರ ನಡುವೆ ಸೀಳಿದ ಸೇಬಿನಂತೆ, ಅದರಲ್ಲಿ ಎರಡು ಕರಿ ಕಣ್ಣು. ನಾಲ್ಕೂ ತಲೆಯನ್ನು ಆಚೆ ಈಚೆ ತೂಗುತ್ತ ಬುಸ್ ಎನ್ನುತ್ತಿದ್ದವು. ಹೊತ್ತು ಮುಳುಗಿ ಸ್ವಲ್ಪ ಹೊತ್ತಿಗೆ ಗಂಡು ಗೂಬೆ ಇಲಿ ತಂದಿತು. ದೊಡ್ಡ ಮರಿ ಅದನ್ನು ಇಡಿಯಾಗಿ ನುಂಗಿತು, ಬಾಲ ಮಾತ್ರ ಬಾಯಿಂದ ಜೋತಾಡುತ್ತಿತ್ತು.

“ಆ ಸಣ್ಣದಕ್ಕ ಸಿಗಂಗಿಲ್ಲೇನ್ರಿ?” ಎಂದು ಗಂಗಾ ಕೇಳಿದಳು.

“ದೊಡ್ಡವಕ್ಕೆ ಹೊಟ್ಟೆ ತುಂಬಿದ ಮೇಲೆ ಅದರ ಸರದಿ. ಕೆಲವು ಸಲ ಉಳಿಯೋದಿಲ್ಲ.”

ಗಂಗಾ ದಿನಾ ಬಂದಳು. ಸಣ್ಣ ಮರಿ ಇದೆಯೋ ಇಲ್ಲವೋ ನೋಡಿ ಹೋಗುತ್ತಿದ್ದಳು. ದ್ವೇಷ ಬರಬೇಕಿತ್ತು, ಬರಲಿಲ್ಲ. ಕನಿಕರವೂ ಬರಲಿಲ್ಲ. ಇದ್ದರೆ ಇದೆ ಅಂದುಕೊಂಡು ತಿರುಗಿ ಮನೆಗೆ ಬಂದು ರೊಟ್ಟಿ ಬಡಿಯುತ್ತಿದ್ದಳು.

ಒಂದು ಸಂಜೆ ಮಾನಸಾ ಏಣಿ ಹತ್ತಿ, ಸೂರಿನ ಕಬ್ಬಿಣದ ತೊಲೆಗೆ ಕಟ್ಟಿದ್ದ ಸಣ್ಣ ಡಬ್ಬಿಯನ್ನು ಬಿಚ್ಚಿ ಏನೋ ಬದಲಿಸಿ ಇಳಿದಳು.

“ಅದೇನ್ರಿ ಅಕ್ಕಾರ?”

“ಅದೂ ಕ್ಯಾಮೆರಾನೇ. ಮೊಟ್ಟೆ ಇಟ್ಟಾಗಿಂದ ಇದೆ. ಹಗಲೂ ರಾತ್ರಿ ಐದು ನಿಮಿಷಕ್ಕೊಂದು ಫೋಟೋ ತಾನಾಗೇ ತೆಗೆಯುತ್ತೆ. ಕೆಳಗೆ ತಾರೀಖು, ಗಂಟೆ ಬರುತ್ತೆ.”

ಗಂಗಾ ಆ ಡಬ್ಬಿಯನ್ನೇ ನೋಡುತ್ತ ನಿಂತಳು. ಆಮೇಲೆ ಯಾರ ಮನೆಯದೋ ಕಥೆ ಹೇಳುವವಳ ಹಾಗೆ ಸೋಮವಾರದ ಬಟ್ಟೆಯ ಸಂಗತಿ ಹೇಳಿದಳು. ಹಗ್ಗ, ಸೈರನ್, ಜ್ವರ, ಅತ್ತೆಯ ಮಾತು, ಎಲ್ಲ. ಕೂಸು ಜ್ವರದಿಂದ ಹೋಯಿತೆಂದು ಮಾನಸಾಳಿಗೆ ಗೊತ್ತಿತ್ತು. ಗೂಬೆಯ ಮಾತು ಗೊತ್ತಿರಲಿಲ್ಲ.

“ಆ ಸೋಮವಾರ ಸಂಜೀದು ಐತೇನ್ರಿ?” ಎಂದಳು ಗಂಗಾ. “ನಾ ಬಟ್ಟಿ ತಗಿಯೂಮಟ ಗೂಬಿ ಎಲ್ಲಿತ್ತು ನೋಡಬೇಕ್ರಿ.”

ಮಾನಸಾ ಲ್ಯಾಪ್‌ಟಾಪ್ ತೆರೆದು ಮೊಣಕಾಲ ಮೇಲಿಟ್ಟುಕೊಂಡಳು. ತಾರೀಖು ಹುಡುಕಿದಳು. ಆರು ಇಪ್ಪತ್ತು: ಹೆಣ್ಣು ಮೊಟ್ಟೆಯ ಮೇಲೆ, ಪಕ್ಕದಲ್ಲಿ ಗಂಡು. ಆರು ಇಪ್ಪತ್ತೈದು: ಎರಡೂ. ಆರೂವರೆ: ಎರಡೂ. ಆರು ಮೂವತ್ತೈದು: ಎರಡೂ, ಗಂಡು ಕಣ್ಣು ಮುಚ್ಚಿತ್ತು. ಆರು ನಲವತ್ತು: ಎರಡೂ. ಆರು ನಲವತ್ತೈದಕ್ಕೆ ಮಾತ್ರ ಹೆಣ್ಣು ಒಂದೇ ಉಳಿದಿತ್ತು.

“ನೋಡಿ ಗಂಗಮ್ಮ! ಸೈರನ್ ಆಗೋವಾಗ ಎರಡೂ ಒಳಗೇ ಇವೆ. ಹಾರಿಯೇ ಇಲ್ಲ.” ಮಾನಸಾಳ ಕಣ್ಣು ಒದ್ದೆಯಾಗಿತ್ತು. “ನಿಮ್ಮ ತಪ್ಪು ಏನೂ ಇಲ್ಲ.”

ಪಾಪ, ಒಳ್ಳೆಯದಕ್ಕೇ ಅಂದಳು. ಗಂಗಾಳಿಗೆ ಆ ಮಾತು ಪೂರ್ತಿ ಕೇಳಿಸಲಿಲ್ಲ. ಗೂಬೆ ಹಾರಲಿಲ್ಲ ಎಂದ ಮೇಲೆ ನೆರಳೂ ಬೀಳಲಿಲ್ಲ. ನೆರಳು ಬೀಳಲಿಲ್ಲ ಎಂದ ಮೇಲೆ, ಕೂಸಿಗೆ ಬಂದದ್ದು ಬರೀ ಜ್ವರ.

ಜ್ವರ ಬಂದ ಮರುದಿನ, ಮಂಗಳವಾರ ಬೆಳಿಗ್ಗೆ ಅವಳು ಕೂಸನ್ನು ಕೌದಿಯಲ್ಲಿ ಸುತ್ತಿಕೊಂಡು ದವಾಖಾನೆಗೆ ಹೊರಟು ಬಾಗಿಲಲ್ಲಿ ನಿಂತಿದ್ದಳು. ಬಸ್ಸಿನಲ್ಲಿ ಹತ್ತು ನಿಮಿಷದ ದಾರಿ. “ಇದು ದವಾಖಾನಿ ಜಡ್ಡಲ್ಲ, ಹಕ್ಕಿ ನೆರಳು,” ಎಂದು ಅನ್ನಮ್ಮ ತಡೆದಳು. ಸಾಲಿನ ಹಿರಿಯ ಬೂದೆಪ್ಪ ಬೇವಿನ ಸೊಪ್ಪಿನಿಂದ ನಿವಾಳಿಸಿ ಕರಿ ದಾರ ಕಟ್ಟಿ ಹೋದ. ಬುಧವಾರ ಸ್ಲ್ಯಾಬ್ ಹಾಕುವ ದಿನ. “ಸ್ಲ್ಯಾಬ್ ಮುಗೀಲಿ, ನಾಳಿ ಹೋಗೂಣು,” ಎಂದ ಹುಲಗೇಶ. ಕೂಸಿನ ಪಕ್ಕೆಲುಬು ಏಳುತ್ತ ಬೀಳುತ್ತ ಇತ್ತು. ಗಂಗಾ ಅದನ್ನು ನೋಡುತ್ತ ಕೂತಿದ್ದಳು. ಜಗಳಾಡಿ ಹೋಗಬಹುದಿತ್ತು. ಬಟ್ಟೆ ಬಿಟ್ಟವಳು ಯಾವ ಬಾಯಿಂದ ಎದುರಾಡಬೇಕು ಎಂದು ಸುಮ್ಮನಿದ್ದಳು. ಹಗ್ಗದ ಮೇಲೆ ಮರೆತದ್ದು ಒಂದು ಗಳಿಗೆ. ಬಾಯಿ ಮುಚ್ಚಿ ಕೂತದ್ದು ಎರಡು ಹಗಲು, ಎರಡು ರಾತ್ರಿ.

ಗಂಗಾ ಶೆಡ್ಡಿನಿಂದ ಮನೆಗೆ ಬಂದಳು. ಟ್ರಂಕು ತೆರೆದಳು. ಎರಡು ಅಂಗಿ, ಒಂದು ಕುಲಾಯಿ, ಒಂದು ಕೌದಿ. ಒಗೆದದ್ದಲ್ಲ, ಒಣಗಿಸಬೇಕಾದದ್ದೂ ಅಲ್ಲ. ಹೊರಗೆ ತಂದು ಹಗ್ಗದ ಮೇಲೆ ಒಂದೊಂದಾಗಿ ಹರವಿದಳು. ಆರೂವರೆ ಸೈರನ್ ಯಾವಾಗಲೋ ಕೂಗಿ ನಿಂತಿತ್ತು.

“ಏ ಹುಚ್ಚಿ!” ಅನ್ನಮ್ಮ ಒಲೆ ಬಿಟ್ಟು ಓಡಿ ಬಂದಳು. “ದೀಪ ಹಚ್ಚೂ ಹೊತ್ತಿನ್ಯಾಗ ಕೂಸಿನ ಬಟ್ಟಿ ಹೊರಗ ಹಾಕ್ತಾರೇನ? ತಗಿ ಮದ್ಲ!”

“ಇನ್ನ ಯಾವ ಕೂಸಿಗೆ ಏನಾಗಬೇಕೈತಿ ಅತ್ತಿ?”

ಅನ್ನಮ್ಮ ಕೌದಿಗೆ ಕೈ ಹಾಕಿದಳು. ಗಂಗಾ ಆ ಕೈ ಹಿಡಿದಳು. ಅಷ್ಟರಲ್ಲಿ ಎದುರಿನ ಶೆಡ್ಡಿನಿಂದ ಗೂಬೆ ಹೊರಟು, ಸದ್ದಿಲ್ಲದೆ ಹಗ್ಗದ ಮೇಲೆ ಹಾದು, ಕಾರ್ಖಾನೆಗಳ ಕಡೆ ಹೋಯಿತು. ಇಬ್ಬರೂ ತಲೆಯೆತ್ತಿ ನೋಡಿದರು.

“ಆವತ್ತು ಇದು ಹೊರಗ ಬಂದಿದ್ದಿಲ್ಲ,” ಎಂದಳು ಗಂಗಾ. “ಫೋಟೋದಾಗ ಐತಿ, ಗಂಟಿ ಸೈತ ಬರದೈತಿ. ನಾ ಬಟ್ಟಿ ತಗದ ಮ್ಯಾಲೆ ಹಾರೈತಿ. ಕೂಸಿಗೆ ಜ್ವರ ಇತ್ತು ಅತ್ತಿ. ನಾವು ದವಾಖಾನಿಗೆ ಹೋಗಲಿಲ್ಲ.”

ಅನ್ನಮ್ಮ ಕೌದಿ ಬಿಟ್ಟಳು. ಬಾಗಿಲ ಕಲ್ಲಿನ ಮೇಲೆ ಕೂತಳು. “ಉಳೀಲಿ ಅಂತ ಮಾಡಿದ್ನೆವ್ವ,” ಎಂದಳು. “ನನ್ನ ಮೊಮ್ಮಗಳು ಉಳೀಲಿ ಅಂತನ ಮಾಡಿದ್ನಿ.”

“ನಾನೂ ಅದಕ್ಕ ಸುಮ್ಮನ ಕುಂತಿದ್ನಿ,” ಎಂದಳು ಗಂಗಾ.

ಕೆಲಸ ಬಿಟ್ಟು ಬಂದ ಹುಲಗೇಶ ಅಂಗಳದಲ್ಲೇ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ, ಎಲ್ಲವನ್ನೂ ಕೇಳಿಸಿಕೊಂಡಿದ್ದ. ಹಗ್ಗದ ಹತ್ತಿರ ಬಂದ. ಬಟ್ಟೆ ತೆಗೆಯುತ್ತಾನೆ ಎಂದುಕೊಂಡಳು ಗಂಗಾ, ಅವನು ತೆಗೆಯಲಿಲ್ಲ. ಕೂಸು ಹೋದ ಮೇಲೆ ಮೊದಲ ಸಲ ಅವಳ ಮುಖ ನೋಡಿದ.

“ನಾಳಿ ಹೋಗೂಣು ಅಂದಾಂವ ನಾನು,” ಎಂದ.

ಗಂಗಾ ಹಗ್ಗದ ಕಡೆ ತಿರುಗಿದಳು. ಕೈ ಕೌದಿಯ ಮೇಲೆ ಹೋಯಿತು. ಹಳೆ ಸೀರೆಗಳನ್ನು ಒಂದರ ಮೇಲೊಂದಿಟ್ಟು ಬಸುರಿನಲ್ಲಿ ಅವಳೇ ಹೊಲಿದ ಕೌದಿ ಅದು. ಬೆರಳಿನ ಕೆಳಗೆ ದಾರದ ಗಂಟು ತಾಕಿತು. ಇನ್ನೊಂದು ತಾಕಿತು. ಹೊಲಿಗೆಯ ಸಾಲು ಒರಟಾಗಿ, ಒಂದೊಂದೂ ಬೇರೆಯಾಗಿ ಕೈಗೆ ತಿಳಿಯುತ್ತ ಹೋಯಿತು. ಕೊನೆಯ ಮೂಲೆಯಲ್ಲಿ ಕೂಸು ಬಾಯಲ್ಲಿಟ್ಟು ಚೀಪಿ ಚೀಪಿ ಗಟ್ಟಿಯಾದ ತುದಿ ಸಿಕ್ಕಿತು.

ಆಗ ಅವಳು ಅತ್ತಳು. ಸಾಲಿನ ಹೆಂಗಸರೆಲ್ಲ ಹೊರಗೆ ಬಂದು ನಿಂತರು. ಬಟ್ಟೆ ಒಳಗೆ ತಗೊಳ್ಳಿ ಎಂದು ಆವತ್ತು ಯಾರೂ ಅನ್ನಲಿಲ್ಲ.