ಬಲಗಾಲಿಟ್ಟ ಗಾಲಿ

ಆಳಂದದಲ್ಲಿ ಟೈರಿನ ಅಂಗಡಿ ನಡೆಸುವ ಹೆಂಗಸು ನಾನೊಬ್ಬಳೇ. ಹೆಸರು ಮುಮತಾಜ. "ಗಂಡಸರು ಯಾರೂ ಇಲ್ಲೇನವಾ?" ಎಂದು ಕೇಳುತ್ತ ಬಂದವರು ಎರಡನೆಯ ಸಲ ಬಂದಾಗ ನೇರವಾಗಿ ನನ್ನನ್ನೇ ಹುಡುಕುತ್ತಾರೆ. ಇದು ಜಂಬವಲ್ಲ; ಸ್ವಲ್ಪ ಇದ್ದರೂ ಇರಲಿ, ದುಡಿದು ಗಳಿಸಿದ ಜಂಬ. ಈ ಅಂಗಡಿ ತೆರೆದ ನನ್ನ ಅಬ್ಬಾ ಉಸ್ಮಾನಸಾಬರು ಒಂದು ಮಾತು ಹೇಳುತ್ತಿದ್ದರು. ಗಾಡಿಯವನು ಹೇಳುವುದನ್ನೆಲ್ಲ ಕೇಳಿಸಿಕೋ, ಆಮೇಲೆ ಹೋಗಿ ಟೈರನ್ನು ಕೇಳು.

ಮೊನ್ನೆ ಶನಿವಾರ ಮಧ್ಯಾಹ್ನ ನಿಂಬರ್ಗಾದ ಚಂದ್ರಾಮಪ್ಪನವರ ಬಿಳಿ ಕಾರು ಬಂದು ನಿಂತಿತು. ನಡೆಸಿಕೊಂಡು ಬಂದವಳು ಅವರ ಸೊಸೆ ಭುವನೇಶ್ವರಿ. ಅಫಜಲಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ, ದಿನಾ ಇದೇ ಕಾರಿನಲ್ಲಿ ಹೋಗಿ ಬರುತ್ತಾಳೆ. ಮೂವತ್ತೈದು ದಾಟಿದ ಮೇಲೆ ಗಾಡಿ ಕಲಿತವಳು. ಲಾರಿಯವರ ಹಾರ್ನಿಗೆ ಬೆದರದೆ ನಡೆಸುವುದನ್ನು ನಾನೇ ಎಷ್ಟೋ ಸಲ ಕಂಡಿದ್ದೇನೆ.

ಚಂದ್ರಾಮಪ್ಪನವರು ಇಳಿಯುತ್ತಲೇ ಶುರು ಮಾಡಿದರು.

"ಮುಮತಾಜವ್ವ, ಗಾಡಿ ಎಡಕ್ಕ ಎಳಿಯಾಕತ್ತದ. ಕೈ ಸಡಿಲ ಬಿಟ್ರ ಸೀದಾ ತೊಗರಿ ಹೊಲಕ್ಕ ಹೋಗ್ತದ. ಗಾಡೀದೇನೂ ತಪ್ಪಿಲ್ಲ, ಹಿಡಿಯೋ ಕೈಯಾಗ ಕಸುವಿಲ್ಲ. ಸೋಮವಾರದಿಂದ ಜೇವರ್ಗಿ ಮಲ್ಕಪ್ಪ ಅನ್ನೋ ಡ್ರೈವರ್ ಬರ್ತಾನ. ಇಕಿ ಹಿಂದ ಕೂಡ್ತಾಳ. ನೀ ಒಂದೀಟು ಗಾಳಿ ನೋಡು, ಸಾಕು."

ಭುವನೇಶ್ವರಿ ಚಾವಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು. ಸೋಮವಾರಕ್ಕೆ ಇನ್ನು ಒಂದೇ ದಿನ ನಡುವೆ. ಆ ಚಾವಿ ಹೋದರೆ ಮತ್ತೆ ಕೈಗೆ ಬರುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬೇಗ ಬರುತ್ತದೆ. ಅದನ್ನು ನುಂಗಿಕೊಳ್ಳುವ ಅಭ್ಯಾಸವಿಲ್ಲ, ಆದರೆ ಮೊದಲು ಕೆಲಸ. ಗಾಳಿ ನೋಡಿದೆ. ನಾಲ್ಕರಲ್ಲೂ ಸರಿಯಾಗಿತ್ತು.

"ಕಾಕಾ, ಈ ಗಾಲಿ ಹಿಂದ ಮುಂದ ಅದಲು ಬದಲು ಮಾಡ್ರಂತ ಎರಡು ಸಲ ಹೇಳೀನಿ. ನೀವು ಕೇಳಲಿಲ್ಲ."

"ಹೆಂಗ ಕೇಳ್ಲಿ? ಮುಂದಿನ ಬಲಗಾಲಿ ಮುಟ್ಟಂಗಿಲ್ಲ. ಗಾಡಿ ತಂದ ದಿನ ಘತ್ತರಗಿ ಭಾಗ್ಯವಂತಿ ಗುಡಿ ಮುಂದ ನಿಂಬಿಹಣ್ಣು ಒಡದ ಗಾಲಿ ಅದು. ಹೊಸಾ ಸೊಸಿ ಬಲಗಾಲಿಟ್ಟು ಮನಿಯೊಳಗ ಬರ್ತಾಳಲ್ಲ, ಹಂಗ ಅದು ಈ ಗಾಡೀದು ಬಲಗಾಲು. ಬಲಕ್ಕ ಹೂಡೋ ಎತ್ತು ಎಡಕ್ಕ ಹೂಡಿದ್ರ ಬಿತ್ತಿಗಿ ಆಗ್ತದೇನು? ಆ ಗಾಲಿಗೆ ಯಾರ ಕೈ ನಟ್ಟು ಬಿಚ್ಚೋ ಪಾನಾ ಹಚ್ತದ, ಆ ಕೈ ಮತ್ತ ಈ ಸ್ಟೇರಿಂಗ್ ಮುಟ್ಟಂಗಿಲ್ಲ. ಮನ್ಯಾಗ ಎಲ್ಲಾರಿಗೂ ಹೇಳೀನಿ."

ಯಾರೂ ಕದಲಿಸಬಾರದೆಂದು ಅವರೇ ಆ ಗಾಲಿಯ ಒಳಮೈಗೆ ಹಳದಿ ಬಣ್ಣದ ಒಂದು ಬೊಟ್ಟು ಇಟ್ಟಿದ್ದರಂತೆ. ಎತ್ತಿಗೆ ಬರೆ ಹಾಕಿದ ಹಾಗೆ.

"ಇಕಿಗೆ ಭಕ್ತೀನೂ ಇಲ್ಲ," ಎಂದು ಸೊಸೆಯ ಕಡೆ ತಿರುಗಿದರು. "ಹ್ವಾದ ಶೀಗಿ ಹುಣ್ಣಿಮಿಗೆ ಘತ್ತರಗಿಗೆ ಹೋಗಿದ್ವಿ. ಗುಡಿ ಬಾಗಿಲ ಮಟಾ ಬಂದು ಒಳಗ ಬರಲಿಲ್ಲ. ಗಾಡಿ ಕಾಯ್ಕೋತ ಹೊರಗ ಕುಂತ್ಳು. ದೇವಿ ದೊಡ್ಡಾಕಿ, ಮನಸಿಗೆ ಹಚ್ಚಿಕೊಳ್ಳಲಿಲ್ಲ. ಬರೋವಾಗ ಗಾಡಿ ಬೆಣ್ಣಿ ಹಂಗ ಬಂತು."

ನಾನು ಬೆಂಕಿಪೊಟ್ಟಣದಿಂದ ಒಂದು ಕಡ್ಡಿ ತೆಗೆದೆ. ಅಳೆಯುವ ಯಂತ್ರ ಅಂಗಡಿಯಲ್ಲಿದೆ, ಆದರೆ ಅದರ ಅಂಕಿಯನ್ನು ಯಾರೂ ನಂಬುವುದಿಲ್ಲ, ಕಡ್ಡಿಯನ್ನು ಎಲ್ಲರೂ ನಂಬುತ್ತಾರೆ. ಟೈರಿನ ಗೀರುಗಳ ಸಂದಿಗೆ ಕಡ್ಡಿ ಇಳಿಸಿ, ಮುಳುಗಿದ ಕಡೆ ಉಗುರಿನಿಂದ ಗುರುತು ಮಾಡಿದೆ. ಹಿಂದಿನ ಎರಡೂ ಚೆನ್ನಾಗಿದ್ದವು. ಮುಂದಿನ ಎಡಗಾಲಿಯಲ್ಲಿ ಕಡ್ಡಿಯ ತಲೆ ಮುಳುಗುವುದೇ ಕಷ್ಟವಾಯಿತು. ಅದರಲ್ಲಿ ಆಶ್ಚರ್ಯವಿಲ್ಲ. ಇಂಥ ಕಾರಿನಲ್ಲಿ ಎಳೆಯುವುದು, ತಿರುಗುವುದು, ಬ್ರೇಕಿನ ಭಾರ ಹೊರುವುದು ಎಲ್ಲ ಮುಂದಿನ ಗಾಲಿಗಳೇ. ಎಂಟು ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಜಾಗ ಬದಲಿಸಿದರೆ ಸವೆತ ಎಲ್ಲಕ್ಕೂ ಹಂಚಿಹೋಗಿ ಟೈರುಗಳು ಬಹಳ ದಿನ ಬಾಳುತ್ತವೆ. ಈ ಕಾರು ಇಪ್ಪತ್ತಾರು ಸಾವಿರ ಓಡಿತ್ತು.

ಆಶ್ಚರ್ಯವಾದದ್ದು ಮುಂದಿನ ಬಲಗಾಲಿ ನೋಡಿದಾಗ. ಕಡ್ಡಿ ಹಿಂದಿನವುಗಳಲ್ಲಿ ಮುಳುಗಿದಷ್ಟೇ ಇಲ್ಲಿಯೂ ಮುಳುಗಿತು. ಜೊತೆಗೇ ಓಡಿದ ಎರಡು ಗಾಲಿಗಳಲ್ಲಿ ಒಂದು ಮುದುಕ, ಇನ್ನೊಂದು ಹರೆಯದ ಹುಡುಗ! ಅವಳಿ ಜವಳಿಯಲ್ಲಿ ಒಬ್ಬನ ತಲೆ ಮಾತ್ರ ಹೀಗೆ ಬೋಳಾಗುವುದುಂಟೇ? ಎಡಗಾಲಿ ಸವೆದು ಸಣ್ಣದಾಗಿತ್ತು, ಗಾಡಿ ಆ ಕಡೆ ಎಳೆಯುತ್ತಿತ್ತು. ಭುವನೇಶ್ವರಿಯ ಕೈಯ ಕಸುವಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಗೆದ್ದೆ ಎಂದುಕೊಂಡೆ. ಬಾಯಿ ತಡೆಯಲಿಲ್ಲ.

"ಕಾಕಾ, ಇದು ನಿಮ್ಮ ನಿಂಬಿಹಣ್ಣಿನ ಗಾಲಿ ಅಲ್ಲ್ರಿ. ಇದು ನಡುವ ಬಂದದ್ದು. ಆ ಗಾಲಿ ಸ್ಟೆಪ್ನಿ ಆಗಿ ಡಿಕ್ಕ್ಯಾಗ ಕುಂತದ."

ಹೇಳಿ ಭುವನೇಶ್ವರಿಯ ಮುಖ ನೋಡಿದೆ. ಬಣ್ಣ ಇಳಿದುಹೋಗಿತ್ತು. ಆಗ ಹೊಳೆಯಿತು ನಾನು ಮಾಡಿದ ಘನಂದಾರಿ ಕೆಲಸ. ಕೈಯ ಕಸುವಿನ ಆಪಾದನೆಯಿಂದ ಬಿಡಿಸಲು ಹೋಗಿ ಪಾನಾ ಹಚ್ಚಿದ ಆಪಾದನೆಗೆ ಒಪ್ಪಿಸಿದ್ದೆ. ನಾಲಿಗೆ ಕಚ್ಚಿಕೊಂಡೆ. ಆದರೆ ಆಡಿದ ಮಾತು ಆಡಿಯಾಗಿತ್ತು.

ಚಂದ್ರಾಮಪ್ಪನವರೇ ಡಿಕ್ಕಿ ತೆರೆದರು. ಸ್ಟೆಪ್ನಿ ಎತ್ತಿ ಮಗುಚಿದರು. ಒಳಮೈಯಲ್ಲಿ ಹಳದಿ ಬೊಟ್ಟು ಇತ್ತು. ಅದನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದರು.

"ಯಾರು ಬಿಚ್ಚಿದ್ರು?"

ಯಾರೋ ದಾರಿಯ ಪಂಕ್ಚರಿನವನು ಇರಬೇಕು ಎಂದು ಸುಳ್ಳು ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಹೇಳಿದಳು.

"ನಾನ್ರಿ, ಮಾವಾ."

ಹುಡುಗರಿಗೆ ಲೆಕ್ಕ ಬಿಡಿಸಿ ತೋರಿಸುವಂತೆ ಒಂದೊಂದಾಗಿ ಹೇಳಿದಳು.

"ಶೀಗಿ ಹುಣ್ಣಿಮಿ ದಿನಾ, ಘತ್ತರಗ್ಯಾಗ. ನೀವು ಒಳಗ ಹ್ವಾದ ಮ್ಯಾಲ ನೋಡಿದ್ರ ಗಾಲ್ಯಾಗ ಮೊಳಿ ನೆಟ್ಟಿತ್ತು, ಗಾಳಿ ಪೂರಾ ಇಳಿದಿತ್ತು. ನಿಮ್ಮನ್ನ ಬಿಸಲಾಗ ನಿಲ್ಲಿಸಬಾರದಂತ ನಾನೇ ಜಾಕ್ ಹಚ್ಚಿ ಬಿಚ್ಚಿದೆ, ಸ್ಟೆಪ್ನಿ ಹಾಕಿದೆ. ಕೈ ತೊಳಕೊಳ್ಳೋದ್ರಾಗ ನೀವು ಪ್ರಸಾದ ಹಿಡಕೊಂಡು ಬಂದ್ರಿ. ಮರುದಿನ ಅಫಜಲಪುರದಾಗ ಪಂಕ್ಚರ್ ತಗಸಿದೆ. ತಿರುಗಿ ಹಾಕಬೇಕಂದ್ರ ನಿಮಗ ಗೊತ್ತಾಗ್ತದಂತ ಅಂಜಿ ಡಿಕ್ಕ್ಯಾಗೇ ಬಿಟ್ಟೆ. ಅದು ನನ್ನ ತಪ್ಪು. ಬಿಚ್ಚಿದ್ದು ತಪ್ಪಲ್ಲ್ರಿ."

ಹೇಳಿ ಚಾವಿಯನ್ನು ಬಾನೆಟ್ಟಿನ ಮೇಲೆ ಇಟ್ಟಳು.

ಚಂದ್ರಾಮಪ್ಪನವರು ಹಳೆಯ ಟೈರುಗಳ ರಾಶಿಯ ಮೇಲೆ ಕುಳಿತರು. ನನಗೆ ಸುಮ್ಮನಿರಲು ಬರುವುದಿಲ್ಲ.

"ಕಾಕಾ, ದೇವಿ ಬಾಗಿಲದಾಗೇ ಬಿಚ್ಚ್ಯಾಳ. ದೇವಿ ಬ್ಯಾಡ ಅನ್ನಲಿಲ್ಲ. ಒಂಬತ್ತು ತಿಂಗಳು ನಿಮ್ಮ ಬಲಗಾಲು ಡಿಕ್ಕ್ಯಾಗಿತ್ತು, ಗಾಡಿ ದಿನಾ ಸುಖರೂಪ ಮನಿಗೆ ಬಂದದ. ಯಾರು ತಂದ್ರು? ನಿಂಬಿಹಣ್ಣು ತಂತೇನ್ರಿ? ನಿಮ್ಮ ಹಿಂದಿನ ಕಾಚಿನ ಮ್ಯಾಲ ನೀವೇ ಏನು ಬರಸೀರಿ, ಅದನ್ನರ ಓದ್ರಿ."

ಹಿಂದಿನ ಗಾಜಿನ ಮೇಲೆ ದೊಡ್ಡ ಅಕ್ಷರದಲ್ಲಿ 'ಕಾಯಕವೇ ಕೈಲಾಸ' ಎಂದಿತ್ತು. ಅವರು ಅದನ್ನು ಓದಲಿಲ್ಲ. ಸೊಸೆಯ ಕೈಗಳನ್ನು ನೋಡುತ್ತಿದ್ದರು. ತುಂಬ ಹೊತ್ತು ನೋಡಿ ನನಗೆ ಹೇಳಿದರು:

"ಎಲ್ಲಾ ಬಿಚ್ಚು."

ಬಿಚ್ಚಿದೆ. ಹಿಂದಿನ ಎರಡನ್ನು ಎಡ ಬಲ ಅದಲು ಮಾಡಿ ಮುಂದಕ್ಕೆ ತಂದೆ. ಮುಂದಿನ ಬಲಗಾಲಿಯನ್ನು ಅದೇ ಮಗ್ಗುಲಲ್ಲಿ ಹಿಂದಕ್ಕೆ ಹಾಕಿದೆ. ಸವೆದುಹೋದದ್ದನ್ನು ಡಿಕ್ಕಿಗೆ ಕಳಿಸಿದೆ. ಕೊನೆಗೆ ಉಳಿದದ್ದು ಹಳದಿ ಬೊಟ್ಟಿನ ಗಾಲಿ, ಅದಕ್ಕೆ ಉಳಿದ ಜಾಗ ಹಿಂದಿನ ಎಡ.

"ಎಡಕ್ಕ ಹಾಕ್ಲೇನ್ರಿ, ಕಾಕಾ?"

"ಎಲ್ಲಾ ಅಂತ ಹೇಳಿದ್ನಲ್ಲ, ಹಾಕು."

ನಾನು ಪಾನಾ ಎತ್ತಿಕೊಳ್ಳುವ ಮೊದಲೇ ಭುವನೇಶ್ವರಿ ಅದನ್ನು ತೆಗೆದುಕೊಂಡಳು. ಮಾವನ ಕಣ್ಣೆದುರಿಗೆ ಆ ಗಾಲಿಯ ನಟ್ಟುಗಳನ್ನು ಬಿಗಿದಳು. ಒಂದಾದ ಮೇಲೆ ಪಕ್ಕದ್ದಲ್ಲ, ಎದುರಿನದು; ಬಲ್ಲವರು ಬಿಗಿಯುವ ಕ್ರಮ ಅದು. ನಾನು ಆಮೇಲೆ ಪರೀಕ್ಷಿಸಿದೆ. ಒಂದೂ ಕದಲಲಿಲ್ಲ. ನನ್ನ ಎದೆ ಉಬ್ಬಿತು, ನನ್ನ ಮಗಳೇ ಬಿಗಿದಳೇನೋ ಎಂಬಷ್ಟು.

ಬಾನೆಟ್ಟಿನ ಮೇಲಿದ್ದ ಚಾವಿಯನ್ನು ಮಾವನೇ ಸೊಸೆಯ ಕೈಗೆ ಕೊಟ್ಟರು; ಓಡಿಸಿ ನೋಡಲು ಅಫಜಲಪುರದ ರಸ್ತೆಗೆ ಹೊರಟೆವು. ಚಂದ್ರಾಮಪ್ಪನವರು ಮುಂದೆ ಎಡಗಡೆ, ನಾನು ಹಿಂದೆ. ನೇರ ರಸ್ತೆ ಸಿಕ್ಕಿತು, ಎದುರಿಗೆ ಗಾಡಿ ಇರಲಿಲ್ಲ.

"ಟೀಚರ್, ಕೈ ಒಂದೀಟು ಸಡಿಲ ಬಿಡ್ರಿ," ಎಂದೆ.

ಬಿಟ್ಟಳು. ಗಾಡಿ ಗೆರೆ ಎಳೆದಂತೆ ಸೀದಾ ಹೋಯಿತು. ತೊಗರಿ ಹೊಲ ತನ್ನ ಜಾಗದಲ್ಲೇ ಇತ್ತು.

ಚಂದ್ರಾಮಪ್ಪನವರು ಅಂಗಿಯ ಜೇಬಿನಿಂದ ಫೋನು ತೆಗೆದರು. "ಮಲ್ಕಪ್ಪಾ, ಸೋಮವಾರ ಬರಬ್ಯಾಡಪಾ. ನಮ್ಮ ಮನ್ಯಾಗ ಡ್ರೈವರ್ ಇದ್ದಾರ," ಎಂದು ಹೇಳಿ ಇಟ್ಟರು. ಭುವನೇಶ್ವರಿ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ, ಆದರೆ ಕಣ್ಣು ತುಂಬಿದ್ದು ಕನ್ನಡಿಯಲ್ಲಿ ನನಗೆ ಕಂಡಿತು.

ಸ್ವಲ್ಪ ದೂರ ಹೋದ ಮೇಲೆ ಮುದುಕರು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದರು:

"ಅವತ್ತು ನಿನಗ ದರ್ಶನಾ ಆಗ್ಲಿಲ್ಲ. ಬರೋ ಹುಣ್ಣಿಮಿಗೆ ಘತ್ತರಗಿಗೆ ಹೋಗೋಣು. ಗಾಡಿ ನಾ ಕಾಯ್ತೇನಿ, ನೀ ಒಳಗ ಹೋಗಿ ಬಾ."