ಯಶೋದಮ್ಮ ರಿಪೇರಿಗೆ ಕೊಟ್ಟ ಸ್ಯಾಕ್ಸೋಫೋನ್

ಗಂಡ ಬದುಕಿದ್ದಾನೆ ಎಂಬ ಸುದ್ದಿ ಬಂದ ಮರುದಿನವೇ ಯಶೋದಮ್ಮ ಮಂಚದ ಕೆಳಗಿನ ಪೆಟ್ಟಿಗೆಯನ್ನು ಎಳೆದು ತೆರೆದಳು. ಸಿಂಗಪುರ ಜಪಾನೀಯರ ವಶವಾದಾಗ ಸೆರೆಸಿಕ್ಕಿದ್ದ ಅಂಜನಮೂರ್ತಿ ಇದ್ದಾನೋ ಇಲ್ಲವೋ ಎಂದು ಯುದ್ಧ ಮುಗಿಯುವವರೆಗೂ ಯಾರಿಗೂ ಗೊತ್ತಿರಲಿಲ್ಲ. ಅಷ್ಟೂ ಕಾಲ ಅವಳು ಆ ಪೆಟ್ಟಿಗೆಯನ್ನು ಮುಟ್ಟಿರಲಿಲ್ಲ. ಅದನ್ನು ಯಾರ ಕೈಗೂ ಕೊಡಬೇಡ ಎಂದು ಹೇಳಿಯೇ ಅವನು ಹೊರಟಿದ್ದ.

ಒಳಗಿದ್ದದ್ದು ಟೆನರ್ ಸ್ಯಾಕ್ಸೋಫೋನ್. ಪಲ್ಟನ್ನಿನ ಬ್ಯಾಂಡಿನಲ್ಲಿದ್ದ ಅಂಜನಮೂರ್ತಿಗೆ, ಸ್ವದೇಶಕ್ಕೆ ಹೊರಟುನಿಂತ ಮುದಿ ಬ್ಯಾಂಡ್‌ಮಾಸ್ಟರ್ ಒಬ್ಬ ಬಿಟ್ಟುಕೊಟ್ಟಿದ್ದ ವಾದ್ಯ ಅದು. ಹಿಂದಿನ ಮಹಾಯುದ್ಧದ ಕಾಲದ್ದು. ಮೈಗೆಲ್ಲ ಬೆಳ್ಳಿಯ ಲೇಪ, ಅಗಲವಾದ ಬಾಯೊಳಗೆ ಚಿನ್ನದ ಬಣ್ಣ. ಭಾನುವಾರ ಅವನು ಅದನ್ನು ಒರೆಸಲು ಕೂತರೆ ಮರ್ಫಿ ಟೌನಿನ ಅರ್ಧ ಬೀದಿ ಬಾಗಿಲಲ್ಲಿ ಬಂದು ನಿಲ್ಲುತ್ತಿತ್ತು. ಊದತೊಡಗಿದರೆ, ಎದುರು ಕೂತ ಯಶೋದಮ್ಮನಿಗೆ ತನ್ನ ಎದೆಗೂಡಿನೊಳಗೇ ಯಾರೋ ಮಾತಾಡಿದ ಹಾಗಾಗುತ್ತಿತ್ತು.

ಈಗ ಅದರೊಳಗೆ ಇಲಿ ಸಂಸಾರ ಹೂಡಿತ್ತು. ತೂತುಗಳನ್ನು ಮುಚ್ಚುವ ತೊಗಲಿನ ಬಿಲ್ಲೆಗಳನ್ನು ತಿಂದುಹಾಕಿತ್ತು. ಬೆಳ್ಳಿ ಕಪ್ಪಿಟ್ಟಿತ್ತು, ಕತ್ತಿನ ಕೊಳವೆ ಬಿರುಕುಬಿಟ್ಟಿತ್ತು. ಆಗಲೇ ಮಾರಿದ್ದರೆ ಯಾರಿಗಾದರೂ ಉಪಯೋಗಕ್ಕೆ ಬರುತ್ತಿತ್ತು ಎಂದು ಅತ್ತೆ ಮುನಿವೆಂಕಟಮ್ಮ ಗೊಣಗಿದರು. ಯಶೋದಮ್ಮ ಅದನ್ನು ಪೆಟ್ಟಿಗೆ ಸಮೇತ ದುಪ್ಪಟಿಯಲ್ಲಿ ಸುತ್ತಿಕೊಂಡು ಜಟಕಾ ಹತ್ತಿದಳು.

ಈಗಿನ ಶಿವಾಜಿನಗರವನ್ನು ಆಗ ಬ್ಲಾಕ್‌ಪಳ್ಳಿ ಎನ್ನುತ್ತಿದ್ದರು. ಅಲ್ಲಿನ ಗಲ್ಲಿಯೊಂದರಲ್ಲಿ ಇನಾಯತ್ ಉಲ್ಲಾ ಎಂಬ ಮುದುಕರು ಬ್ಯಾಂಡಿನವರ ವಾದ್ಯಗಳನ್ನು ರಿಪೇರಿ ಮಾಡುತ್ತಿದ್ದರು. ಅವರು ಅದನ್ನು ಬಹಳ ಹೊತ್ತು ತಿರುಗಿಸಿ ನೋಡಿದರು.

"ಒಳ್ಳೆ ಮಾಲು ಅಮ್ಮಾ. ಆದ್ರೆ ಗ್ಯಾರಂಟಿ ಹೇಳಾಕಿಲ್ಲ. ಬೆಸುಗೆ ಹಾಕ್ವಾಗ ಕತ್ತು ಪೂರಾ ಒಡೆದ್ರೆ, ಆಮೇಲೆ ಇದು ಬರೀ ತಗಡು."

ಅವಳು ಬಿರುಕಿನ ಮೇಲೆ ಬೆರಳಾಡಿಸಿದಳು. ಆದರೂ ಮಾಡಿ ಎಂದಳು.

ಅವಳು ಎಣಿಸಿದ್ದಕ್ಕಿಂತ ಬೇಗ ಅಂಜನಮೂರ್ತಿ ಬಂದುಬಿಟ್ಟ. ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಅವಳು ಗುರುತು ಹಿಡಿದದ್ದು ಅವನ ನಡಿಗೆಯಿಂದ. ಮುಖದಲ್ಲಿ ಮೂಳೆಯಷ್ಟೇ ಉಳಿದಿತ್ತು, ಬಾಯಿಗೆ ಟವಲಿನ ತುದಿ ಅಡ್ಡ ಹಿಡಿದಿದ್ದ. ಮನೆಯೊಳಗೆ ಕಾಲಿಟ್ಟವನು ಮಂಚದ ಕೆಳಗೆ ಒಮ್ಮೆ ನೋಡಿ ಕಣ್ಣು ತಿರುಗಿಸಿದ. ಪೆಟ್ಟಿಗೆ ಎಲ್ಲಿ ಎಂದು ಕೇಳಲಿಲ್ಲ.

ಕೇಳದೆ ಇದ್ದದ್ದೇ ಅವಳನ್ನು ತಿನ್ನತೊಡಗಿತು. ಅವನು ಗೋಡೆಯ ಕಡೆ ಮುಖಮಾಡಿ ಉಣ್ಣುತ್ತಿದ್ದ. ಬೀದಿಯಲ್ಲಿ ಮದುವೆಯ ಬ್ಯಾಂಡು ಬಂದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದ. ಮಾರಿಕೊಂಡಳು ಎಂದು ಕೋಪವೇ ಇರಬೇಕು ಎಂದುಕೊಂಡಳು. ಹೇಳಿಬಿಡೋಣವೆಂದರೆ ಧೈರ್ಯವಿಲ್ಲ. ಹೊಲಿಗೆ ಕೆಲಸ ಮುಗಿಸಿ ಬ್ಲಾಕ್‌ಪಳ್ಳಿಗೆ ಓಡಿದರೆ, ವಾದ್ಯದ ಮೇಲೆ ಬೆರಳಿನಿಂದ ಒತ್ತುವ ಕೀಲಿಗಳೆಲ್ಲ ಕಳಚಿ ಸಿಗರೇಟಿನ ಡಬ್ಬಿಗಳಲ್ಲಿ ಬಿದ್ದಿರುತ್ತಿದ್ದವು. ಒಮ್ಮೆ ಹೋದಾಗ ತೆಳು ಮೇಕೆ ತೊಗಲು ಸಿಕ್ಕಿರಲಿಲ್ಲ. ಮತ್ತೊಮ್ಮೆ ಹೋದಾಗ ಕತ್ತಿಗೆ ಬೆಸುಗೆ ಬಿದ್ದಿತ್ತು, ಆದರೆ ಊದಿದರೆ ಬರೀ ಗಾಳಿ ಸೋರುತ್ತಿತ್ತು. ಇನಾಯತ್ ಉಲ್ಲಾ ಬಿಲ್ಲೆಗಳನ್ನು ಮತ್ತೆ ಕಳಚತೊಡಗಿದರು.

ಆ ದಿನ ಮನೆಗೆ ಬಂದವಳು ಗಂಡನೆದುರು ಕೂತುಬಿಟ್ಟಳು.

"ಅದನ್ನ ನಾನು ಮಾರಿಲ್ಲ ರೀ. ಇಲಿ ತಿಂದಿತ್ತು, ರಿಪೇರಿಗೆ ಕೊಟ್ಟಿದೀನಿ. ನಿಮ್ಮನ್ನ ಕೇಳ್ದೆ ಕೊಟ್ಟೆ. ಸರಿಹೋಗುತ್ತೋ ಇಲ್ವೋ ಗೊತ್ತಿಲ್ಲ."

ಅಂಜನಮೂರ್ತಿ ಟವಲನ್ನು ಕೆಳಗಿಳಿಸಿದ. ಮೇಲಿನ ಸಾಲಿನ ಮುಂದಿನ ಹಲ್ಲುಗಳು ಒಂದೂ ಇರಲಿಲ್ಲ.

"ಮಾರಿದ್ರೇ ಚೆನ್ನಾಗಿರೋದು. ಅಲ್ಲಿ ವಸಡು ಕೊಳೆತು ಎಲ್ಲಾ ಉದುರ್ಹೋದ್ವು. ಹಲ್ಲು ಊರದೆ ಅದನ್ನ ಊದೋಕಾಗಲ್ಲ ಯಶೋದಾ. ಪೆಟ್ಟಿಗೆ ಇಲ್ದಿದ್ದು ನೋಡಿ, ಸದ್ಯ, ಅದು ಕಣ್ಣಿಗೆ ಬೀಳಲ್ವಲ್ಲ ಅಂದ್ಕೊಂಡಿದ್ದೆ."

ಇನ್ನು ಅದು ಮನೆಗೆ ಬರುವುದೇ ಬೇಡ ಎಂದು ಅವಳಿಗನ್ನಿಸಿತು. ಕೆಲಸ ನಿಲ್ಲಿಸಿ, ಅದು ನಿಮ್ಮಲ್ಲೇ ಇರಲಿ ಎಂದು ಇನಾಯತ್ ಉಲ್ಲಾರಿಗೆ ಹೇಳಲು ಮರುದಿನ ಹೋದಳು. ಆದರೆ ಅವರು ರಾತ್ರಿಯೆಲ್ಲ ಕೂತು ಸೋರಿಕೆ ಮುಚ್ಚಿ ಕೆಲಸ ಮುಗಿಸಿಬಿಟ್ಟಿದ್ದರು. ವಾದ್ಯ ಬೆಂಚಿನ ಮೇಲೆ ಮೊದಲಿನ ಬಿಳುಪಿಗೆ ಮರಳಿ ಮಲಗಿತ್ತು. ಇನಾಯತ್ ಉಲ್ಲಾ ಅದನ್ನು ಎತ್ತಿಕೊಂಡು ಒಂದೇ ಒಂದು ತಗ್ಗಿನ ಸ್ವರ ಹಿಡಿದರು. ಡಬ್ಬಿಗಳು ಗಿಲಿಗಿಲಿ ನಡುಗಿದವು. ಪಕ್ಕದ ತಗಡಿನ ಅಂಗಡಿಯ ಸುತ್ತಿಗೆ ನಿಂತಿತು. ಯಶೋದಮ್ಮನ ಎದೆಯೊಳಗೆ ಆ ಹಳೆಯ ಮಾತು ಮತ್ತೆ ಶುರುವಾಯಿತು. ಹೇಳಬೇಕೆಂದು ಬಂದದ್ದನ್ನು ಬಿಟ್ಟು ಅವಳು ಕೂಲಿ ಎಣಿಸಿಕೊಟ್ಟಳು.

ಮನೆಗೆ ಬಂದು ಪೆಟ್ಟಿಗೆಯನ್ನು ಮಂಚದ ಮೇಲಿಟ್ಟಳು. ಅವನು ಅದರ ಕಡೆ ನೋಡಲಿಲ್ಲ. ತಾನು ತಪ್ಪು ಮಾಡಿದೆನೆಂದೇ ಅವಳಿಗೆ ಖಾತ್ರಿಯಾಯಿತು.

ಬೆಳಿಗ್ಗೆ ಕೊಳಾಯಿಯಿಂದ ನೀರು ತಂದಾಗ ಅವನು ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಒಂದೊಂದೇ ಕೀಲಿ ಒತ್ತುತ್ತ, ಹೊಸ ತೊಗಲು ಮೆತ್ತಗೆ ಮುಚ್ಚುವ ಸದ್ದಿಗೆ ಕಿವಿಗೊಟ್ಟಿದ್ದ. ಅವಳು ಕೊಡ ಇಳಿಸದೆ ನಿಂತಳು.

"ಬಾ ಇಲ್ಲಿ," ಎಂದ. "ನೀನು ಊದು. ಬೆರಳು ನಾನು ಆಡಿಸ್ತೀನಿ."

ಅಕ್ಕಪಕ್ಕದವರು ಏನೆಂದಾರು ಎಂದು ಅವಳು ಬಾಗಿಲು ಮುಂದೆ ಮಾಡಿ ಬಂದಳು. ಮೊದಲು ಬರೀ ಉಸಿರು ಹೋಯಿತು. ತುಟಿ ಬಿಗಿ ಮಾಡು ಎಂದ. ಮತ್ತೆ ಊದಿದಳು. ಎಮ್ಮೆ ಒದರಿದಂಥ ಸದ್ದೊಂದು ಹೊರಬಿದ್ದು, ಒಳಗಿದ್ದ ಮುನಿವೆಂಕಟಮ್ಮ ಹೊರಗೆ ಓಡಿಬಂದರು. ಅಷ್ಟರಲ್ಲಿ ಅವನ ಬೆರಳು ಇಳಿದು, ಆ ಒದರಾಟವೇ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿತು. ಅಂಜನಮೂರ್ತಿ ನಕ್ಕ. ಬಾಯಿಗೆ ಏನನ್ನೂ ಅಡ್ಡ ಹಿಡಿಯಲಿಲ್ಲ.

ಮುಂದಿನ ವರ್ಷ ಬ್ಲಾಕ್‌ಪಳ್ಳಿಯ ಚೀನೀ ಡಾಕ್ಟರೊಬ್ಬರು ಅವನಿಗೆ ಹಲ್ಲುಸೆಟ್ಟು ಕಟ್ಟಿಕೊಟ್ಟರು. ಮೊದಲಿನ ನಾದ ಬರಲಿಲ್ಲ, ಅವನೇ ಹಾಗೆನ್ನುತ್ತಿದ್ದ. ಆದರೂ ಹಲಸೂರಿನ ಮದುವೆ ಬ್ಯಾಂಡೊಂದನ್ನು ಸೇರಿಕೊಂಡ. ಮೆರವಣಿಗೆ ಮರ್ಫಿ ಟೌನಿಗೆ ಬಂದಾಗ ಜನರೆಲ್ಲ ಹೊಳೆಯುವ ವಾದ್ಯವನ್ನು ನೋಡುತ್ತಿದ್ದರೆ, ಯಶೋದಮ್ಮ ಮಾತ್ರ ಅವನು ಎತ್ತರದ ಸ್ವರ ಹಿಡಿದಾಗಲೆಲ್ಲ ಸೆಟ್ಟು ಎಲ್ಲಿ ಜಾರುವುದೋ ಎಂದು ಉಸಿರು ಬಿಗಿಹಿಡಿದು ಅವನ ಬಾಯನ್ನೇ ನೋಡುತ್ತಿದ್ದಳು.