ತಾಯಿಯ ಉದ್ಯೋಗ: ಬೀಡಿ ಕಟ್ಟುವುದು

ಕಾಲೇಜಿನ ಫೀಸು ಕಟ್ಟುವ ದಿನ ಹತ್ತಿರ ಬಂದಾಗ ಕೆಲವು ಮನೆಗಳಲ್ಲಿ ಮಾತು ಕಡಿಮೆಯಾಗುತ್ತದೆ. ಪೆರ್ಡೂರಿನಲ್ಲಿ ನಮ್ಮ ನೆರೆಮನೆಯ ನಳಿನಾಕ್ಷಿಯಕ್ಕನ ಮನೆಯೂ ಈ ಸಲ ಹಾಗೆ ಸುಮ್ಮನಾಗಿತ್ತು. ಅವರ ಮಗಳು ದೀಕ್ಷಿತಾ ಉಡುಪಿಯಲ್ಲಿ ಬಿ.ಕಾಂ. ಎರಡನೇ ವರ್ಷ. ಗಂಡ ಅನಂತೇಶಣ್ಣ ಮದುವೆ ಅಡುಗೆಗೆ ಸಹಾಯಕ್ಕೆ ಹೋಗುವವರು. ಮಳೆಗಾಲದಲ್ಲಿ ಮದುವೆ ಇಲ್ಲ, ಕೆಲಸವೂ ಇಲ್ಲ.

"ಬನ್ನಂಜೆಯ ಬಟ್ಟೆ ಅಂಗಡಿಯಲ್ಲಿ ಹುಡುಗಿಯರು ಬೇಕಂತೆ. ಫೀಸು ಆಗದಿದ್ದರೆ ಕಾಲೇಜು ಬಿಟ್ಟು ಅಲ್ಲಿಗೆ ಸೇರುತ್ತೇನೆ ಆಂಟಿ" ಎಂದು ದೀಕ್ಷಿತಾ ಬಸ್ ಸ್ಟಾಪಿನಲ್ಲಿ ನನಗೆ ಹೇಳಿದಳು. ನಗುತ್ತಲೇ ಹೇಳಿದಳು. ನನಗೆ ಹೆದರಿಕೆಯಾದದ್ದು ಆ ನಗುವಿಗೆ.

ನಾನು ಬೇರೊಂದು ಕಾಲೇಜಿನ ಕಚೇರಿಯಲ್ಲಿ ಗುಮಾಸ್ತೆ. ವಿದ್ಯಾರ್ಥಿವೇತನದ ಅರ್ಜಿಗಳನ್ನು ದಿನವೂ ನೋಡುವವಳು.

"ಆದಿತ್ಯವಾರ ದಾಖಲೆ ಹಿಡಿದುಕೊಂಡು ಮನೆಗೆ ಬಾ. ವಿದ್ಯಾರ್ಥಿವೇತನದ ಅರ್ಜಿಯ ಕೊನೆಯ ದಿನಕ್ಕೆ ಇನ್ನೂ ಒಂದು ವಾರ ಉಂಟು. ಕೊನೆಯ ದಿನದವರೆಗೆ ಕಾಯುವುದು ಮಾತ್ರ ಬೇಡ" ಎಂದೆ.

ಆದಿತ್ಯವಾರ ನಾನು ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿಸಿ ಬರುವಾಗ ಅವಳು ನಮ್ಮ ಜಗಲಿಯಲ್ಲಿ ಕುಳಿತಿದ್ದಳು. ಪ್ಲಾಸ್ಟಿಕ್ ಕವರಿನಿಂದ ಕಾಗದಗಳನ್ನು ಹೊರಗೆ ತೆಗೆದಳು. ಅವುಗಳ ಜೊತೆ ಒಂದು ಪರಿಮಳವೂ ಬಂತು. ನೆನೆಸಿದ ಬೀಡಿ ಎಲೆ, ಸ್ವಲ್ಪ ಹೊಗೆಸೊಪ್ಪು. ನಾನು ಬೆಳೆದದ್ದು ಆ ಪರಿಮಳದಲ್ಲಿ.

ನನ್ನ ಅಮ್ಮ ಗ್ಲ್ಯಾಡಿಸ್ ಮೂವತ್ತು ವರ್ಷ ಬೀಡಿ ಕಟ್ಟಿದವಳು. ಊಟವಾದ ಮೇಲೆ ನಾಲ್ಕೈದು ಮನೆಯ ಹೆಂಗಸರು ನಮ್ಮ ಜಗಲಿಯಲ್ಲಿ ಸೇರುತ್ತಿದ್ದರು. ನಾವು ತಡ್ಪೆ ಎನ್ನುವ ಗೆರಸೆ ಒಬ್ಬೊಬ್ಬರ ಮಡಿಲಲ್ಲಿ. ರೇಡಿಯೊ ಹಾಡುತ್ತಿತ್ತು. ಕತ್ತರಿಯ ಸದ್ದು, ನಡುವೆ ನಗು. ತುಳು, ಕೊಂಕಣಿ ಎರಡರಲ್ಲೂ ಊರಿನ ಸುದ್ದಿ. ಶನಿವಾರ ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿಗೆ ಅಮ್ಮನ ಜೊತೆ ನಾನೂ ಹೋಗುತ್ತಿದ್ದೆ. ಬರುವಾಗ ಒಂದು ಬನ್ಸ್ ಖಚಿತ. ಈಗ ಆ ಜಗಲಿಗೆ ಕಬ್ಬಿಣದ ಗ್ರಿಲ್ ಬಂದಿದೆ. ಆದರೂ ಮಧ್ಯಾಹ್ನ ಮೂರು ಗಂಟೆಗೆ ನನ್ನ ಕಿವಿ ಕತ್ತರಿಯ ಸದ್ದಿಗೆ ಕಾಯುತ್ತದೆ.

ದೀಕ್ಷಿತಾ ಅರ್ಜಿಯ ವಿವರಗಳನ್ನು ಮೊದಲೇ ಒಂದು ಹಾಳೆಯಲ್ಲಿ ಬರೆದು ತಂದಿದ್ದಳು. ಅಚ್ಚುಕಟ್ಟಾದ ಅಕ್ಷರ. ಓದುತ್ತಾ ಬಂದು ಒಂದು ಸಾಲಿನಲ್ಲಿ ನಿಂತೆ.

ತಾಯಿಯ ಉದ್ಯೋಗ: ಗೃಹಿಣಿ.

"ಅಮ್ಮ ಬೀಡಿ ಕಟ್ಟುವುದಿಲ್ವಾ ಈಗ?"

"ಕಟ್ಟುತ್ತಾರೆ."

"ಮತ್ತೆ ಇದೆಂತ?"

ಅವಳು ತಲೆ ತಗ್ಗಿಸಿದಳು. "ಅಮ್ಮನೇ ಹಾಗೆ ಬರೆ ಅಂದದ್ದು ಆಂಟಿ."

ಹಾಳೆಯನ್ನು ಮಡಚಿ ಕೈಯಲ್ಲಿ ಹಿಡಿದುಕೊಂಡು, ಅವಳನ್ನು ಕರೆದುಕೊಂಡು ಪಕ್ಕದ ಮನೆಗೆ ಹೋದೆ. ನಳಿನಾಕ್ಷಿಯಕ್ಕ ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಕುಳಿತಿದ್ದರು. ನಮ್ಮನ್ನು ನೋಡಿದರೂ ಬೆರಳು ನಿಲ್ಲಲಿಲ್ಲ.

"ಎಂತ ಲೊರ್ನಾ, ಅರ್ಜಿ ಇಷ್ಟು ಬೇಗ ಮುಗಿಯಿತಾ? ನಿನ್ನ ಕಂಪ್ಯೂಟರಿಗೆ ಬೀಡಿ ವಾಸನೆ ಹಿಡಿಯಿತಾ?"

"ಅಕ್ಕ, ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಸರಕಾರದ ಕಾರ್ಮಿಕ ಇಲಾಖೆಯಿಂದ ಓದಿಗೆ ಸಹಾಯಧನ ಉಂಟು. ನಿಮ್ಮ ಮಗಳು ನಿಮ್ಮನ್ನು ಗೃಹಿಣಿ ಎಂದು ಬರೆದರೆ, ಆ ಯೋಜನೆಯ ಹೆಸರೇ ಅವಳ ಅರ್ಜಿಯಲ್ಲಿ ಬರುವುದಿಲ್ಲ."

ನಳಿನಾಕ್ಷಿಯಕ್ಕ ಜೋರಾಗಿ ನಕ್ಕರು. "ಬೀಡಿಗೆ ಸರಕಾರ ಹಣ ಕೊಡುವುದಾ? ಸೇದಬೇಡಿ ಅಂತ ಕಟ್ಟಿನ ಮೇಲೆ ಹೆದರಿಸುವ ಚಿತ್ರ ಹಾಕಿಸುವುದೂ ಅದೇ ಸರಕಾರ ಅಲ್ವಾ ಮಾರಾಯ್ತಿ!"

"ಸೇದುವವರಿಗೆ ಅಲ್ಲ, ಕಟ್ಟುವವರ ಮಕ್ಕಳಿಗೆ."

"ಅದೆಲ್ಲ ಗುರ್ತದವರು ಇದ್ದವರಿಗೆ. ನಮ್ಮ ಕಾಗದ ಎಲ್ಲೋ ಮೂಲೆ ಸೇರುತ್ತದೆ."

"ಗುರ್ತ ಬೇಡ, ಕಾರ್ಮಿಕರ ಗುರುತಿನ ಚೀಟಿ ಉಂಟಲ್ಲ, ಬೀಡಿ ಕಾರ್ಡು, ಅದು ಬೇಕು. ಆದಾಯ ಪ್ರಮಾಣಪತ್ರ, ಹಿಂದಿನ ವರ್ಷದ ಅಂಕಪಟ್ಟಿ, ಫೀಸಿನ ವಿವರ. ದೀಕ್ಷಿತಾಳ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್ ಅಂತ ಉಂಟು, ಅದರಲ್ಲಿ ಹಾಕುವುದು. ಅರ್ಜಿಗೆ ಶುಲ್ಕವೂ ಇಲ್ಲ."

ಬೆರಳುಗಳು ನಿಂತವು.

"ಕಾಲೇಜಿನಲ್ಲಿ ಇವಳ ಜೊತೆಯವರ ಅಮ್ಮಂದಿರು ಟೀಚರು, ನರ್ಸು" ಎಂದರು ಮೆಲ್ಲಗೆ. "ಇವಳು ಎಲ್ಲರ ಎದುರು ಬೀಡಿ ಅಂತ ಹೇಳಬೇಕಾ? ಬೇಡ ಲೊರ್ನಾ. ನಿನಗೆ ಗೊತ್ತಾಗುವುದಿಲ್ಲ."

ನನಗೆ ಗೊತ್ತಿತ್ತು. ಈವರೆಗೆ ಯಾರಿಗೂ ಹೇಳದ ಮಾತನ್ನು ಅಂದು ಅವರಿಗೆ ಹೇಳಿದೆ.

"ನಾನು ಡಿಗ್ರಿಗೆ ಸೇರಿದಾಗ ಕಾಲೇಜಿನಲ್ಲಿ ಇಂಥದ್ದೇ ಅರ್ಜಿ ಕೊಟ್ಟಿದ್ದರು ಅಕ್ಕ. ನಾನು ಗೃಹಿಣಿ ಅಂತ ಬರೆದೆ. ಅಮ್ಮ ಹೇಳಿ ಅಲ್ಲ, ನನ್ನ ನಾಚಿಕೆಗೆ ಬರೆದೆ. ಸಹಿ ಹಾಕಲು ಅಮ್ಮನಿಗೆ ಕೊಟ್ಟೆ. ಅವಳಿಗೆ ಕನ್ನಡ ನಿಧಾನಕ್ಕೆ ಓದಲು ಬರುತ್ತಿತ್ತು. ಆ ಸಾಲಿನ ಮೇಲೆ ಬೆರಳಿಟ್ಟು ಓದಿದಳು. ಮತ್ತೆ ಏನೂ ಹೇಳದೆ ಸಹಿ ಹಾಕಿ, ತಡ್ಪೆ ತೆಗೆದುಕೊಂಡು ಕುಳಿತಳು. ಸಹಾಯಧನ ಬರಲಿಲ್ಲ. ನಾನು ಎರಡು ವರ್ಷ ಕೆಲಸಕ್ಕೆ ಹೋಗಿ, ಮತ್ತೆ ಓದು ಮುಗಿಸಿದೆ. ಅಮ್ಮ ಒಂದು ದಿನವೂ ಆ ಮಾತು ಎತ್ತಲಿಲ್ಲ. ಎತ್ತಿ ಬೈದಿದ್ದರೆ ಒಳ್ಳೆಯದಿತ್ತು."

ನಳಿನಾಕ್ಷಿಯಕ್ಕ ನನ್ನನ್ನೇ ನೋಡುತ್ತಿದ್ದರು. "ಗ್ಲ್ಯಾಡಿಸ್ ಬಾಯಮ್ಮ ಒಂದೇ ಅಳತೆಗೆ ಕಟ್ಟುತ್ತಿದ್ದರು. ನನಗೆ ತುದಿ ಮಡಚಲು ಕಲಿಸಿದ್ದೇ ಅವರು" ಎಂದು ತಡ್ಪೆ ಬದಿಗಿಟ್ಟು ಒಳಗೆ ಹೋದರು.

ಪೆಟ್ಟಿಗೆ ತೆರೆದ ಸದ್ದು ಕೇಳಿತು. ಬರುವಾಗ ಕೈಯಲ್ಲಿ ಬೀಡಿ ಕಾರ್ಡು. ಮದುವೆಯ ಕರೆಯೋಲೆಯ ಒಳಗೆ ಜೋಪಾನವಾಗಿ ಇಟ್ಟಿದ್ದರು. ಫೋಟೊದಲ್ಲಿ ಇಪ್ಪತ್ತೆರಡರ ನಳಿನಾಕ್ಷಿ. ಮುಡಿಯಲ್ಲಿ ಮಲ್ಲಿಗೆ, ಗದ್ದ ಸ್ವಲ್ಪ ಮೇಲಕ್ಕೆ.

ದೀಕ್ಷಿತಾ ಅದನ್ನು ತುಂಬ ಹೊತ್ತು ನೋಡಿದಳು. "ಇದು ನೀವಾ ಅಮ್ಮ? ಎಷ್ಟು ಪೊಗರು ಮುಖದಲ್ಲಿ!"

"ಮತ್ತೆ? ನನ್ನ ಮೊದಲ ಸ್ವಂತ ಕಾರ್ಡು ಅದು."

"ಹಾಗಾದರೆ ನಾನು ಯಾಕೆ ಅಡಗಿಸಬೇಕು?"

ದೀಕ್ಷಿತಾ ನನ್ನ ಕೈಯಿಂದ ಹಾಳೆ ತೆಗೆದುಕೊಂಡಳು. ಗೃಹಿಣಿ ಎಂಬುದನ್ನು ಒಂದು ಗೆರೆಯಿಂದ ಹೊಡೆದು ಪಕ್ಕದಲ್ಲಿ ಬರೆದಳು: ಬೀಡಿ ಕಾರ್ಮಿಕರು.

"'ರು' ಯಾಕೆ? ನಾನು ಒಬ್ಬಳೇ ಅಲ್ವಾ?" ಎಂದರು ನಳಿನಾಕ್ಷಿಯಕ್ಕ.

"ಮರ್ಯಾದೆಗೆ" ಎಂದಳು ಮಗಳು.

ಕಾರ್ಡು ಚಾಲ್ತಿಯಲ್ಲಿತ್ತು. ಆಧಾರ್ ಜೋಡಣೆ ಆಗಿರಲಿಲ್ಲ. ಸೋಮವಾರ ತಾಯಿ ಮಗಳು ಬ್ಯಾಂಕಿಗೆ ಹೋಗಿ ಅದನ್ನು ಮಾಡಿಸಿದರು. ಬುಧವಾರ ಅರ್ಜಿ ಹಾಕಿದೆವು. ಕಳುಹಿಸುವ ಮೊದಲು ನಾನು ಪ್ರತಿ ಸಾಲನ್ನೂ ಮೂರು ಸಲ ಓದಿದೆ. ದೀಕ್ಷಿತಾ ನಕ್ಕಳು, ನಗಲಿ. ಅರ್ಜಿಯ ಪ್ರತಿಯನ್ನು ದಾಖಲೆಗಳ ಜೊತೆ ಅವಳು ತನ್ನ ಕಾಲೇಜಿನ ಕಚೇರಿಗೆ ಕೊಟ್ಟಳು, ಏಕೆಂದರೆ ಕಾಲೇಜು ಪರಿಶೀಲಿಸದೆ ಅರ್ಜಿ ಮುಂದೆ ಹೋಗುವುದಿಲ್ಲ. ಅದನ್ನು ನೋಡಿದ ಪ್ರಾಂಶುಪಾಲರು ಫೀಸನ್ನು ಕಂತಿನಲ್ಲಿ ಕಟ್ಟಲು ಒಪ್ಪಿದರು. ಸಹಾಯಧನ ಖಾತೆಗೆ ಬರಲು ಕೆಲವು ತಿಂಗಳು ಬೇಕು. ಆದರೆ ಬನ್ನಂಜೆಯ ಅಂಗಡಿಯ ಮಾತು ಮತ್ತೆ ಬರಲಿಲ್ಲ. ಬೆಳಿಗ್ಗೆ ಏಳೂವರೆಯ ಬಸ್ಸಿನಲ್ಲಿ ದೀಕ್ಷಿತಾ ಈಗಲೂ ಕಾಲೇಜಿಗೆ ಹೋಗುತ್ತಿದ್ದಾಳೆ.

ಇದನ್ನು ಓದುತ್ತಿರುವ ಅಕ್ಕಂದಿರೇ, ನಿಮ್ಮ ಬೀಡಿ ಕಾರ್ಡು ಎಲ್ಲಿದೆ ಎಂದು ಇವತ್ತೇ ಹುಡುಕಿ. ನಿಮ್ಮ ಮಕ್ಕಳ ಕಾಲೇಜು ಕಚೇರಿಯಲ್ಲಿ ಈ ವರ್ಷದ ಕೊನೆಯ ದಿನ ಮತ್ತು ಆದಾಯದ ಮಿತಿ ಕೇಳಿ, ಅವು ಬದಲಾಗುತ್ತಿರುತ್ತವೆ. ಅರ್ಜಿಯಲ್ಲಿ ತಪ್ಪಿದೆ ಎಂದು ವಾಪಸು ಬಂದರೆ ಬಿಟ್ಟುಬಿಡಬೇಡಿ, ಕೊಟ್ಟ ಸಮಯದೊಳಗೆ ಸರಿಪಡಿಸಿ ಕಳುಹಿಸಿ. ಮೊಬೈಲಿಗೆ ಬರುವ ಒಟಿಪಿಯನ್ನು ಫೋನಿನಲ್ಲಿ ಕೇಳುವವರಿಗೆ ಹೇಳಬೇಡಿ.

ಮಕ್ಕಳೇ, ತಾಯಿಯ ಉದ್ಯೋಗ ಎಂದು ಕೇಳಿದಲ್ಲಿ ಇದ್ದದ್ದನ್ನೇ ಬರೆಯಿರಿ. ಸಹಿಗೆ ಕೊಟ್ಟಾಗ ನಿಮ್ಮ ತಾಯಿ ಆ ಸಾಲನ್ನು ಓದುತ್ತಾಳೆ.